ಅಗ್ನಿಶಾಮಕರ ಉಡುಪಿಗಂಟಿದ ವಿಷ

ಬೆಂಕಿ ಆರಿದೊಡನೆ ಅಪಾಯವೂ ಕಳೆಯಿತೆಂದು ಜನರು ಭಾವಿಸುವುದು ಸಹಜ. ಅಗ್ನಿಶಾಮಕರ ಪಾಲಿಗೆ ಅದು ಸತ್ಯವಲ್ಲ. ಮರ, ಪ್ಲಾಸ್ಟಿಕ್, ರಬ್ಬರ್ ಮೊದಲಾದ ವಸ್ತುಗಳು ಅರೆಬರೆಯಾಗಿ ಉರಿದಾಗ ಹುಟ್ಟುವ ವಿಷಕಾರಿ ಹೈಡ್ರೋಕಾರ್ಬನ್‌ಗಳು ಮಸಿಯೊಡನೆ ಅವರ ಉಡುಪು, ಶಿರಸ್ತ್ರಾಣ, ಕೈಗವಸುಗಳಿಗೆ ಅಂಟಿಕೊಂಡು, ಕ್ರಮೇಣ ಚರ್ಮದ ಮೂಲಕ ಶರೀರವನ್ನು ಸೇರುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಈ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಪ್ರಥಮ ವರ್ಗಕ್ಕೆ ಸೇರಿಸಿತು. ಮೂತ್ರಕೋಶದ ಕ್ಯಾನ್ಸರ್ ಹಾಗೂ ಶ್ವಾಸಕೋಶದ ಹೊರಪೊರೆ ಮುಂತಾದೆಡೆ ತೋರುವ ಮೀಸೊಥೀಲಿಯೋಮ ರೋಗಗಳಿಗೆ ಅದು ಸಾಕಷ್ಟು ಪ್ರಮಾಣವನ್ನು ಕಂಡಿತು.

ನಿವಾರಣೋಪಾಯವಾದರೋ ಸರಳವಾದುದು. ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೇಲುಡುಪನ್ನು ಸಾಬೂನು ನೀರು ಹಾಗೂ ಬ್ರಷ್ಷಿನಿಂದ ಉಜ್ಜಿ ತೊಳೆದಾಗ ಈ ವಿಷದ ಸುಮಾರು ಶೇಕಡ 85 ಭಾಗ ಹೋಯಿತು. ಒಣ ಬ್ರಷ್ಷಿನಿಂದ ಹೋದುದು ಶೇಕಡ 23 ಮಾತ್ರ. ಒದ್ದೆ ಒರೆಬಟ್ಟೆಯಿಂದ ಕತ್ತನ್ನು ಒರೆಸಿದಾಗ ಅಲ್ಲಿನ ವಿಷವೂ ಅರ್ಧದಷ್ಟು ಇಳಿಯಿತು.

ಉತ್ತರ ಸ್ವೀಡನ್ನಿನ ಶೆಲೆಫ್ಟಿಯೊ ಪಟ್ಟಣದ ಅಗ್ನಿಶಾಮಕರು ಇನ್ನೊಂದು ಕ್ರಮವನ್ನು ರೂಢಿಗೆ ತಂದರು. ಮಲಿನ ಉಡುಪನ್ನು ಸ್ಥಳದಲ್ಲಿಯೇ ಕಳಚಿ, ಭದ್ರವಾಗಿ ಮುಚ್ಚಿದ ಚೀಲದಲ್ಲಿಟ್ಟು, ತಾವು ಕುಳಿತುಕೊಳ್ಳುವ ಭಾಗದಿಂದ ದೂರವಿರಿಸಿ ಒಯ್ಯುವುದೇ ಆ ಕ್ರಮ. ಇದರಿಂದ ವಿಷವು ವಾಹನವನ್ನಾಗಲಿ, ಠಾಣೆಯನ್ನಾಗಲಿ, ಮನೆಯನ್ನಾಗಲಿ ಪ್ರವೇಶಿಸದು.

ಮಸಿ ಹಿಡಿದ ಶಿರಸ್ತ್ರಾಣವನ್ನು ಶೌರ್ಯದ ಗುರುತೆಂದು ಮೆಚ್ಚುವ ವಾಡಿಕೆ ಹಲವೆಡೆ ಉಂಟು. ಪರರ ಪ್ರಾಣ ಕಾಯುವವರು ತಮ್ಮ ಪ್ರಾಣವನ್ನೂ ಕಾಯ್ದುಕೊಳ್ಳಬೇಕಾದರೆ ಈ ಭಾವನೆ ಮೊದಲು ತೊಲಗಬೇಕು.