ಒಂದೇ ಸರಳೆ, ಎರಡು ದನಿ



ನಾವು ಒಟ್ಟಿಗೆ ಹಾಡುವಾಗ ಎಲ್ಲರೂ ಹಾಡೋದು ಒಂದೇ ಸಾಲು. ಕಛೇರಿಯಲ್ಲಿ ಪಿಟೀಲು ಹಾಡುಗಾರರ ಹಿಂದೆಯೇ ಹೋಗುತ್ತೆ, ತಂಬೂರಿ ಶ್ರುತಿ ಹಿಡಿದಿರುತ್ತೆ. ಆದರೆ ಇಬ್ಬರು ಒಂದೇ ಹೊತ್ತಿಗೆ ಬೇರೆ ಬೇರೆ ಸಾಲು ಹಾಡಬೇಕು, ಎರಡೂ ಮುಖ್ಯವಾಗಿರಬೇಕು, ಎರಡೂ ಹೊಂದಬೇಕು ಅಂದರೆ? ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ಕೌಂಟರ್‌ಪಾಯಿಂಟ್ ಎಂದು ಹೆಸರು. ‘ಚುಕ್ಕಿಗೆ ಎದುರಾಗಿ ಚುಕ್ಕಿ’ ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು; ಚುಕ್ಕಿ ಅಂದರೆ ಸ್ವರ.

ಜರ್ಮನಿಯ ಬಾಖ್ (1685–1750) ಇದರಲ್ಲಿ ಬಹು ದೊಡ್ಡ ಹೆಸರು. ಕಲಿಯುವವರಿಗಾಗಿ ಅವರು ಎರಡು ದನಿಯ 15 ಪುಟ್ಟ ರಚನೆಗಳನ್ನು ಬರೆದರು. ಅವು ಮೊದಲು ಸೇರಿದ್ದು ಅವರ ಹಿರಿಮಗನ ಪಾಠದ ಪುಸ್ತಕಕ್ಕೆ!

ಪಿಯಾನೊ ಇಲ್ಲವೇ? ಪರವಾಗಿಲ್ಲ. ಪುರಂದರದಾಸರಿಂದ ಬಂದದ್ದು ಎನ್ನುವ ನಮ್ಮ ಸರಳೆ ವರಸೆಯೇ ಸಾಕು. ಮಾಯಾಮಾಳವಗೌಳ ರಾಗ, ಇಬ್ಬರಿಗೂ ಒಂದೇ ಶ್ರುತಿ. ಅಕ್ಕ ಶುರುಮಾಡಲಿ, ಎರಡು ಸ್ವರ ಆದ ಮೇಲೆ ತಮ್ಮ ಸೇರಲಿ:

ಅಕ್ಕ: ಸ ರಿ ಗ ಮ ಪ ದ ನಿ ಸ | ಸ ನಿ ದ ಪ ಮ ಗ ರಿ ಸ
ತಮ್ಮ: – – ಸ ರಿ ಗ ಮ ಪ ದ | ನಿ ಸ ಸ ನಿ ದ ಪ ಮ ಗ | ರಿ ಸ

ಅಕ್ಕ ‘ಗ’ ಅಂದಾಗ ತಮ್ಮ ‘ಸ’, ಅಕ್ಕ ‘ಮ’ ಅಂದಾಗ ತಮ್ಮ ‘ರಿ’. ನಡುವೆ ಒಂದು ಸ್ವರ ಬಿಟ್ಟ ಜೋಡಿಗಳು, ಕಿವಿಗೆ ಹಿತ. ಆದರೆ ಇಲ್ಲಿ ತಮ್ಮ ಬರೀ ಹಿಂಬಾಲಿಸುತ್ತಿದ್ದಾನೆ.

ನಿಜವಾದ ಮಜಾ ಇರೋದು ತಿರುವಿನಲ್ಲಿ. ಅಕ್ಕ ‘ಸ’ದಿಂದ ‘ನಿ’ಗೆ ಇಳಿಯುತ್ತಾಳೆ, ತಮ್ಮ ‘ನಿ’ಯಿಂದ ‘ಸ’ಕ್ಕೆ ಹತ್ತುತ್ತಾನೆ. ಮೆಟ್ಟಿಲ ಮೇಲೆ ಎದುರುಬದುರಾದವರ ಹಾಗೆ ಎರಡು ಸ್ವರದ ಹೊತ್ತು ದನಿಗಳು ಉಜ್ಜುತ್ತವೆ. ತಪ್ಪಾಯಿತು ಅಂತ ನಿಲ್ಲಿಸಬೇಡಿ! ಮುಂದಿನ ಸ್ವರಕ್ಕೇ ‘ದ’–‘ಸ’ ಜೋಡಿ ಬಂದು ಮತ್ತೆ ಹೊಂದಿಕೊಳ್ಳುತ್ತೆ. ಆ ಉಜ್ಜಾಟ ಇಲ್ಲದಿದ್ದರೆ ಈ ಹೊಂದಿಕೆ ಇಷ್ಟು ಸಿಹಿಯಾಗಿ ಕೇಳಿಸುತ್ತಿರಲಿಲ್ಲ.

ಎರಡು ಬಗೆಯ ಸಂಗೀತವೂ ಒಬ್ಬರಿಗೇ ಒಲಿಯಬಹುದು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ (1919–1974) ಪಿಯಾನೊ ಕಲಿತರು, ರಷ್ಯದ ಮೆಟ್ನರ್ ಅವರ ಸಂಗೀತದ ಧ್ವನಿಮುದ್ರಣಕ್ಕೆ ನೆರವಾದರು, ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು.

ಅಪ್ಪ-ಅಮ್ಮಂದಿರೇ, ಚಿಕ್ಕವರ ದನಿ ದೊಡ್ಡವರ ಸಾಲಿಗೆ ಜಾರುವುದು ಸಹಜ. ಕಿವಿ ಮುಚ್ಚಿಕೊಳ್ಳಲು ಹೇಳಬೇಡಿ. ಕೇಳುತ್ತಲೇ ತನ್ನ ಸಾಲು ಉಳಿಸಿಕೊಳ್ಳುವುದೇ ಇಲ್ಲಿನ ಪಾಠ. ಅರಬ್ಬಿ, ಇಂಗ್ಲಿಷ್, ಹಿಂದಿಯ ನಡುವೆ ಬೆಳೆಯುವ ಜಿದ್ದಾದ ನಮ್ಮ ಮಕ್ಕಳು ಕನ್ನಡ ಉಳಿಸಿಕೊಳ್ಳಬೇಕಾದದ್ದೂ ಹೀಗೆಯೇ.

ಜೊತೆಗೆ ಯಾರೂ ಇಲ್ಲವಾದರೆ ಅಕ್ಕನ ಸಾಲನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ತಮ್ಮನ ಸಾಲು ಹಾಡಿ. ಊರಿನ ಅಜ್ಜಿಯ ಜೊತೆ ಕರೆಯಲ್ಲೇ ಹಾಡಲು ಹೋದರೆ ದನಿ ತಡವಾಗಿ ತಲುಪಿ ತಾಳ ತಪ್ಪುತ್ತೆ. ಅವರ ಸಾಲನ್ನೂ ಮೊದಲೇ ರೆಕಾರ್ಡ್ ಮಾಡಿ ತರಿಸಿಕೊಳ್ಳಿ.