ಮಸ್ಕಿಯ ಬಂಡೆಯ ಮೇಲಿನ ಹೆಸರು



ಚಿನ್ನ ಹುಡುಕುವವನ ಕಣ್ಣಿಗೆ ಚಕ್ರವರ್ತಿಯ ಹೆಸರು ಬಿದ್ದ ಸಂಗತಿ ಕೆಜಿಎಫ್ ಸೀಮೆಯ ನಮಗೆ ಗೊತ್ತಿರಬೇಕು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬ್ರಾಹ್ಮಿ ಅಕ್ಷರಗಳಿದ್ದ ಬಂಡೆಯೊಂದನ್ನು ಕಂಡರು.

ಅಲ್ಲಿಯವರೆಗೆ ಅಶೋಕ ಎಂಬ ಹೆಸರು ಉಳಿದಿದ್ದು ಹೆಚ್ಚಾಗಿ ಗ್ರಂಥಗಳಲ್ಲಿ. ತೊಂಬತ್ತೊಂಬತ್ತು ಸೋದರರನ್ನು ಕೊಂದನಂತೆ, 84 ಸಾವಿರ ಸ್ತೂಪ ಕಟ್ಟಿಸಿದನಂತೆ! 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಕಲ್ಲುಗಳಲ್ಲಿ ಸಿಕ್ಕಿದ್ದು 'ದೇವಾನಂಪಿಯ ಪಿಯದಸಿ' ಎಂಬ ಬಿರುದು. ಇವನೇ ಅಶೋಕ ಎಂದು ಜಾರ್ಜ್ ಟರ್ನರ್ ಸಿಂಹಳದ ಗ್ರಂಥದ ಆಧಾರದಿಂದ ತೋರಿಸಿದರು. ಕಲ್ಲಿನ ಸಾಕ್ಷಿ ಒದಗಿದ್ದು ಮಸ್ಕಿಯಲ್ಲಿ: 'ದೇವಾನಂಪಿಯಸ ಅಸೋಕಸ'. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು.

ನನಗೆ ಹೆಸರಿಗಿಂತ ಮುಖ್ಯವಾಗಿ ಕಾಣುವುದು ಅದೇ ಬಂಡೆಯ ಇನ್ನೊಂದು ಮಾತು. ಅಶೋಕ ಅಲ್ಲಿ ತನ್ನನ್ನು 'ಬುಧಸಕೆ', ಅಂದರೆ ಬುದ್ಧನ ಕಡೆಯವನು, ಎಂದು ಹೇಳಿಕೊಳ್ಳುತ್ತಾನೆ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತಾನೆ. 'ನಿಮ್ಮ ಧರ್ಮ 1956ರಲ್ಲಿ ಹುಟ್ಟಿದ್ದಲ್ಲವಾ' ಎಂದು ನಮ್ಮ ಮಕ್ಕಳನ್ನು ಕೆಣಕುವವರಿದ್ದಾರೆ. ಬಾಬಾಸಾಹೇಬರು ನಮ್ಮನ್ನು ಕರೆದೊಯ್ದ ದಾರಿ ಇದೇ ಕನ್ನಡ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಇತ್ತು ಎಂಬುದಕ್ಕೆ ಆ ಕಲ್ಲೇ ಉತ್ತರ.

ಇನ್ನು ಸನ್ನತಿ. 1986ರಲ್ಲಿ ಭೀಮಾ ತೀರದ ಚಂದ್ರಲಾಂಬಾ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಚಪ್ಪಡಿ ನೋಡಿದರೆ ಅಶೋಕನ ಶಾಸನ! ವಿಗ್ರಹ ಕೂರಿಸಲು ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರಗಳು ಹೋಗಿವೆ. ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಮಹಾಸ್ತೂಪವೇ ಸಿಕ್ಕಿತು, ಜೊತೆಗೆ 'ರಾಯ ಅಸೋಕೋ' ಎಂದು ಬರೆದ ರಾಜನ ಶಿಲ್ಪ.

ಇಲ್ಲಿ ನಾವು ಹುಷಾರಾಗಿರಬೇಕು. ಆ ಚಪ್ಪಡಿ ಹೇಳುವುದು ಇಷ್ಟೇ: ಹಳೆಯ ಶಾಸನದ ಕಲ್ಲನ್ನು ಯಾರೋ ಪೀಠಕ್ಕೆ ಬಳಸಿದರು. ಬೇರೆಡೆಯಿಂದ ತಂದಿರಲೂಬಹುದು. ಅಷ್ಟರಿಂದಲೇ ಆ ಗುಡಿ ವಿಹಾರವಾಗಿತ್ತು ಎನ್ನಲಾಗದು. ಊರಿನ ಗುಡಿಗಳೆಲ್ಲ ವಿಹಾರಗಳೇ ಎಂಬ ಫಾರ್ವರ್ಡ್‌ಗಳಂತೂ ನನಗೆ ಒಪ್ಪಿಗೆಯಿಲ್ಲ. ಪುರಾಣಕ್ಕೆ ಆಧಾರ ಕೇಳುವ ನಾವೇ ಹೊಸ ಪುರಾಣ ಕಟ್ಟುವುದೇ? ಅಂಥ ಫೋಟೋ ಬಂದರೆ ಎಲ್ಲಿ ಸಿಕ್ಕಿತು, ಯಾರು ಓದಿದರು ಎಂದು ಕೇಳಿ, ಆಮೇಲೆ ಕಳಿಸಿ.

ಭಾನುವಾರ ಕಾಮಸಮುದ್ರದ ಕೂಟಕ್ಕೆ ಮಕ್ಕಳನ್ನು ನೋಟ್‌ಬುಕ್ ಸಮೇತ ಕರೆತನ್ನಿ. 'ಅಸೋಕ' ಎಂದು ಬ್ರಾಹ್ಮಿಯಲ್ಲಿ ಬರೆಯಲು ಕಲಿಸುತ್ತೇನೆ. 'ಕ' ಬಲು ಸುಲಭ, ಲೆಕ್ಕದ ಕೂಡಿಸುವ ಚಿಹ್ನೆಯ ಹಾಗೇ ಇದೆ.