ತೂಕ ಇಳಿಯಿತು, ಎಲ್‌ಡಿಎಲ್ ಏರಿತು

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ಆರು ತಿಂಗಳಿಂದ ಅನ್ನ, ಮುದ್ದೆ ಮುಟ್ಟಿಲ್ಲ. ಬೆಳಿಗ್ಗೆ ಬೆಣ್ಣೆ ಹಾಕಿದ ಕಾಫಿ, ಕೊಬ್ಬರಿ ಎಣ್ಣೆಯಲ್ಲಿ ಮಾಡಿದ ಆಮ್ಲೆಟ್, ಮಧ್ಯಾಹ್ನ ಪನೀರು, ರಾತ್ರಿ ತುಪ್ಪದಲ್ಲಿ ಹುರಿದ ಕೋಳಿ. 9 ಕೆಜಿ ಇಳಿದಿದ್ದಾರೆ. ಟ್ರೈಗ್ಲಿಸರೈಡ್ 240 ಇದ್ದದ್ದು 120 ಆಗಿದೆ. ಆದರೆ ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ 118ರಿಂದ 196ಕ್ಕೆ ಹೋಗಿದೆ. ‘ಸಣ್ಣಗಾಗಿದ್ದೀನಲ್ಲ, ಇನ್ನೇನು ಭಯ’ ಅಂತಾರೆ. ನಮ್ಮ ಮಾವನವರಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ನನಗೆ ನಿದ್ದೆ ಹತ್ತುತ್ತಿಲ್ಲ.
– ಓದುಗರು, ಹಾಸನ

ಉತ್ತರ: ನಿಮ್ಮ ಭಯ ಸುಮ್ಮನೆ ಹುಟ್ಟಿದ್ದಲ್ಲಮ್ಮ. ಹಾಗಂತ ಯಜಮಾನರು ಪಟ್ಟ ಶ್ರಮವನ್ನೂ ತಳ್ಳಿಹಾಕಬೇಡಿ. ಅನ್ನ, ಸಕ್ಕರೆ ಕಡಿಮೆ ಮಾಡಿದರೆ ಟ್ರೈಗ್ಲಿಸರೈಡ್ ಇಳಿಯುತ್ತದೆ, ಹೊಟ್ಟೆ ಕರಗುತ್ತದೆ. ಅದು ನಿಜವಾದ ಲಾಭ. ಆದರೆ ಆ ಲಾಭ ಎಲ್‌ಡಿಎಲ್ ಮಾಡುವ ಹಾನಿಗೆ ವಜಾ ಆಗುವುದಿಲ್ಲ. ಎಲ್‌ಡಿಎಲ್ ಏರಿದಷ್ಟೂ, ಏರಿ ನಿಂತ ವರ್ಷಗಳು ಹೆಚ್ಚಿದಷ್ಟೂ ಹೃದಯದ ರಕ್ತನಾಳದ ಗೋಡೆಯೊಳಗೆ ಕೊಬ್ಬು ಸೇರುತ್ತದೆ. ಸಣ್ಣಗಿರುವವರಿಗೂ ಇದರಿಂದ ವಿನಾಯಿತಿ ಇಲ್ಲ.

ಏರಿದ್ದೇಕೆ? ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಮೇಲಿರುತ್ತವೆ. ಅವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಈ ಗ್ರಾಹಕಗಳು ಕಡಿಮೆಯಾಗಿ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ತುಪ್ಪದಲ್ಲಿ ನೂರಕ್ಕೆ ಸುಮಾರು 60 ಭಾಗ, ಕೊಬ್ಬರಿ ಎಣ್ಣೆಯಲ್ಲಿ 85ಕ್ಕೂ ಹೆಚ್ಚು ಭಾಗ ಅದೇ ಕೊಬ್ಬು. ನಿಮ್ಮ ಮನೆಯಲ್ಲಿ ಅದು ಮೂರು ಹೊತ್ತೂ ಹೊಟ್ಟೆಗೆ ಹೋಗುತ್ತಿದೆ.

ಮೊದಲು 118 ಇತ್ತು ಅಂದಿರಿ. ಹಾಗಿದ್ದರೆ ಇದು ಹುಟ್ಟಿನಿಂದ ಬಂದದ್ದಕ್ಕಿಂತ ಊಟದಿಂದ ಬಂದದ್ದೇ ಇರಬೇಕು. ಇಳಿಸುವ ದಾರಿಯೂ ಅಲ್ಲೇ ಇದೆ. ಬೆಣ್ಣೆ ಕಾಫಿ ಇವತ್ತೇ ನಿಲ್ಲಲಿ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ ಬಳಸಿ. ಪನೀರಿನ ಜಾಗಕ್ಕೆ ಮೊಳಕೆ ಹೆಸರುಕಾಳು, ಮೀನು, ಒಂದು ಹಿಡಿ ಬಾದಾಮಿ ಬರಲಿ. ಮಧ್ಯಾಹ್ನ ಅರ್ಧ ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಬಸ್ಸಾರು ಬಡಿಸಿ. ಅಷ್ಟಕ್ಕೆ ಇಳಿದ ತೂಕ ವಾಪಸ್ ಬರುವುದಿಲ್ಲ. ಬೇಳೆಕಾಳಿನ ನಾರು ಎಲ್‌ಡಿಎಲ್ ಇಳಿಯಲು ನೆರವಾಗುತ್ತದೆ.

ಡಾಕ್ಟರನ್ನು ಕಾಣುವುದನ್ನು ಮಾತ್ರ ಮುಂದೂಡಬೇಡಿ, ಈ ವಾರವೇ ಹೋಗಿ. ಥೈರಾಯ್ಡ್ ಕಡಿಮೆಯಿದ್ದರೂ ಎಲ್‌ಡಿಎಲ್ ಏರುತ್ತದೆ, ಅದನ್ನೂ ನೋಡಿಸಿ. ಶುಗರ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದು, ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಈ ಊಟದ ವಿಷಯ ಡಾಕ್ಟರಿಗೆ ಗೊತ್ತಿರಲೇಬೇಕು. ಕೆಲವು ಔಷಧಗಳ ಜೊತೆ ಅನ್ನ ಪೂರ್ತಿ ಬಿಟ್ಟರೆ ಶುಗರ್ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ತರಹದ ಮಾತ್ರೆಯಾದರೆ ರಕ್ತ ಆಮ್ಲೀಯವಾಗಿ ಜೀವಕ್ಕೇ ಅಪಾಯವಾಗಬಹುದು.

ಊಟ ಬದಲಿಸಿ ಎರಡು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಎಲ್‌ಡಿಎಲ್ 190 ದಾಟಿದವರಿಗೆ ಸಾಮಾನ್ಯವಾಗಿ ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆಯುತ್ತಾರೆ, ಬರೆದರೆ ಬೇಡ ಅನ್ನುವುದು ಬೇಡ. ತಂದೆಗೆ 55ರೊಳಗೆ ಹೃದಯಾಘಾತ ಆಗಿದ್ದರೆ ಮಗನಿಗೂ ಅಪಾಯ ಹೆಚ್ಚು. ಅದಕ್ಕೇ ನೀವೂ ಜೊತೆಗೆ ಹೋಗಿ. ಮಾವನವರ ವಿಷಯ ಯಜಮಾನರು ಹೇಳದೆ ಬಿಟ್ಟರೆ ನೀವೇ ಹೇಳಿ.